ಬೆಕ್ಕು ಹೇಗೆ ಬಂದರೇನು, ಬಂದ ಮೇಲೆ ನಮ್ಮದೇ

ಮಾನ್ಯ ಸಂಪಾದಕರೇ,

ಸಾಕುಪ್ರಾಣಿಗಳ ಬಗ್ಗೆ ಪತ್ರಿಕೆಗಳಲ್ಲಿ ಏನೇ ಬಂದರೂ ನಾನು ಬಿಡದೆ ಓದುತ್ತೇನೆ. ಬೆಕ್ಕಿನ ವಿಷಯವಾದರೆ ಹೆಚ್ಚಾಗಿ ಪರ್ಷಿಯನ್, ಸಯಾಮೀಸ್, ಬೆಂಗಾಲ್ ಅಂತ ತಳಿಗಳ ಫೋಟೊ ಇರುತ್ತದೆ. ಎಲ್ಲಿ ಸಿಗುತ್ತವೆ, ಬೆಲೆ ಎಷ್ಟು, ಯಾವ ಶಾಂಪೂ ಹಾಕಬೇಕು ಅಂತ ಬರೆದಿರುತ್ತಾರೆ. ಓದಲು ಚೆನ್ನಾಗಿಯೇ ಇರುತ್ತದೆ. ಆದರೆ ನಮ್ಮ ಊರುಗಳಲ್ಲಿ ಮನೆಯೊಳಗೆ ಓಡಾಡುವ ಬೆಕ್ಕುಗಳಲ್ಲಿ ದುಡ್ಡು ಕೊಟ್ಟು ತಂದವು ಎಷ್ಟಿದ್ದಾವು ಹೇಳಿ? ನಿಮ್ಮ ಅಕ್ಕಪಕ್ಕದ ಮನೆಗಳನ್ನೇ ಒಮ್ಮೆ ನೆನೆಸಿಕೊಳ್ಳಿ. ಒಂದು ಹಿತ್ತಿಲಿನಿಂದ ಒಳಗೆ ಬಂದದ್ದು, ಇನ್ನೊಂದು ಚಿಕ್ಕಮ್ಮನ ಮನೆಯಿಂದ ಬುಟ್ಟಿಯಲ್ಲಿ ಬಂದದ್ದು, ಮತ್ತೊಂದು ಹಳೇ ಬಾಡಿಗೆಯವರು ಬಿಟ್ಟು ಹೋದದ್ದು, ಮಗದೊಂದು ಮಗ ಮಳೆಯಲ್ಲಿ ಚರಂಡಿಯಿಂದ ಎತ್ತಿಕೊಂಡು ಬಂದದ್ದು. ಇವುಗಳ ಬಗ್ಗೆ ಯಾರೂ ಬರೆಯುವುದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಹಾಕಿ.

ನನ್ನ ತಕರಾರು ಇಷ್ಟೇ. ಬೆಕ್ಕು ಹೇಗೆ ಬಂತು ಅನ್ನುವುದನ್ನು ನೋಡಿ ನಾವು ಅದಕ್ಕೆ ಬೆಲೆ ಕಟ್ಟುತ್ತಿದ್ದೇವೆ. ಕೊಂಡು ತಂದ ಬೆಕ್ಕಿಗೆ ಲಸಿಕೆಯ ಪುಸ್ತಕ ಇರುತ್ತದೆ, ಮೈ ಬಾಚಲು ಬಾಚಣಿಗೆ ಇರುತ್ತದೆ, ಒಂದು ಹೊತ್ತು ಊಟ ಬಿಟ್ಟರೆ ಡಾಕ್ಟರಿಗೆ ಫೋನ್ ಹೋಗುತ್ತದೆ. ತಾನಾಗಿ ಬಂದ ಬೆಕ್ಕಿಗೆ ತಳ ಹಿಡಿದ ಅನ್ನ. ಅದು ಎರಡು ದಿನ ಏನೂ ತಿನ್ನದೆ ಮೂಲೆಯಲ್ಲಿ ಮುದುರಿ ಕೂತರೂ ‘ಪ್ರಾಣಿ ಅಲ್ವಾ, ಹುಲ್ಲು ತಿಂದು ತಾನೇ ಸರಿ ಹೋಗುತ್ತೆ’ ಅನ್ನುತ್ತೇವೆ. ಪ್ಯಾನ್‌ಲುಕೋಪೆನಿಯಾ ಅಂತ ಒಂದು ವೈರಸ್ ಕಾಯಿಲೆ ಇದೆ. ವಾಂತಿ, ಭೇದಿ ಹಿಡಿದು ಕೆಲವೇ ದಿನಗಳಲ್ಲಿ ಮರಿಗಳು ಒಂದರ ಹಿಂದೊಂದು ಸಾಯುತ್ತವೆ. ಇದಕ್ಕೆ ಲಸಿಕೆ ಇದೆ, ಆರರಿಂದ ಎಂಟು ವಾರದ ಮರಿಗೇ ಶುರು ಮಾಡಬಹುದು. ಆ ವೈರಸ್ಸಿಗೆ ಇದು ಕೊಂಡ ಬೆಕ್ಕು, ಇದು ಬಂದ ಬೆಕ್ಕು ಅನ್ನುವ ಭೇದ ಗೊತ್ತಿಲ್ಲ. ಭೇದ ಮಾಡುವವರು ನಾವು.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ. ಅಲ್ಲಿ ಬೆಕ್ಕಿಲ್ಲದ ಮನೆ ಇರಲಿಲ್ಲ. ಅಟ್ಟದಲ್ಲಿ ಅಡಿಕೆ, ಕಣಜದಲ್ಲಿ ಭತ್ತ, ಮಾಡಿನ ಹೆಂಚಿನ ಸಂದಿಯಲ್ಲಿ ಇಲಿ. ಬೆಕ್ಕು ಬೇಕೇ ಬೇಕಿತ್ತು. ಅದನ್ನು ಯಾರೂ ಕೊಳ್ಳುತ್ತಿರಲಿಲ್ಲ, ಕೇಳಿ ಪಡೆಯುತ್ತಿದ್ದರು. ಯಾರ ಮನೆಯ ಬೆಕ್ಕು ಮರಿ ಹಾಕಿದೆ ಅನ್ನುವ ಸುದ್ದಿ ಮದುವೆ ಮನೆಯಲ್ಲೋ ಡೈರಿಯಲ್ಲಿ ಹಾಲು ಹಾಕುವಾಗಲೋ ಕಿವಿಗೆ ಬೀಳುತ್ತಿತ್ತು. ‘ಗಂಡು ಮರಿ ಇದ್ರೆ ನಮಗೊಂದು ಇಡಿ’ ಅಂತ ಹೇಳಿ ಬರುವುದು. ಮರಿ ತಾಯಿ ಹಾಲು ಬಿಟ್ಟು ಅನ್ನ ನೆಕ್ಕುವಷ್ಟು ಆದ ಮೇಲೆ ಹೋಗಿ ತರುವುದು. ತರುವಾಗ ಕೈಚೀಲದೊಳಗೆ ಅದು ಒಂದೇ ಸಮನೆ ಕೂಗುತ್ತಿರುತ್ತಿತ್ತು, ಮನೆಗೆ ಬಂದ ಮೇಲೆ ಬಚ್ಚಲೊಲೆ ಹತ್ತಿರ ಬೆಚ್ಚಗೆ ಬಿಟ್ಟರೆ ಸುಮ್ಮನಾಗುತ್ತಿತ್ತು. ಮಾರನೇ ದಿನದಿಂದ ಅದು ಆ ಮನೆಯ ಸದಸ್ಯ. ನೆಂಟರ ನಡುವೆ, ಕೇರಿಗಳ ನಡುವೆ ಹೀಗೆ ಬೆಕ್ಕಿನ ಸಂತತಿ ಹರಡುತ್ತಿತ್ತು. ‘ಇದು ನಿಮ್ಮ ಅಜ್ಜಿಯ ಬೆಕ್ಕಿನ ಮೊಮ್ಮಗಳು’ ಅಂತ ಹೇಳುವವರು ಈಗಲೂ ಇದ್ದಾರೆ.

ಈ ಪದ್ಧತಿಯಲ್ಲಿ ಒಂದು ಒಳ್ಳೆಯದಿತ್ತು. ಕೊಟ್ಟವರು ಕೇಳುತ್ತಿದ್ದರು. ಎಲ್ಲೇ ಸಿಕ್ಕರೂ ‘ಮರಿ ಹೇಗಿದೆ, ಇಲಿ ಹಿಡಿಯುತ್ತಾ’ ಅನ್ನುತ್ತಿದ್ದರು. ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ನಮಗೆಲ್ಲ ಗೊತ್ತು. ಬಿಸಿ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡ ಆ ಬೆಕ್ಕು ಆಮೇಲೆ ಹಾಲು ಕಂಡರೇ ಓಡಿಹೋಗುತ್ತಿತ್ತು, ಅದನ್ನು ಮಾತ್ರ ಎಲ್ಲರೂ ಹೇಳುತ್ತಾರೆ. ಆದರೆ ಆ ಕತೆಯಲ್ಲಿ ಕೃಷ್ಣದೇವರಾಯ ಇಲಿ ಕಾಟಕ್ಕೆ ಮನೆಮನೆಗೆ ಬೆಕ್ಕು ಕೊಡುವಾಗ ಅದರ ಹಾಲಿಗೆ ಅಂತ ಒಂದು ಹಸುವನ್ನೂ ಕೊಡುತ್ತಾನೆ. ಬೆಕ್ಕು ಕೊಟ್ಟವನು ಅದರ ಹೊಟ್ಟೆಯ ಯೋಚನೆಯನ್ನೂ ಮಾಡಬೇಕು ಅಂತ ಕತೆ ಕಟ್ಟಿದ ಜನರಿಗೆ ಗೊತ್ತಿತ್ತು. ಈಗ ವಾಟ್ಸಾಪಿನಲ್ಲಿ ಮರಿಗಳ ಫೋಟೊ ಹಾಕಿ ‘ಯಾರಿಗೆ ಬೇಕು, ಬೇಗ ತಗೊಂಡು ಹೋಗಿ’ ಅಂದರೆ ಮುಗಿಯಿತು. ಯಾರು ಒಯ್ದರು, ಏನಾಯಿತು, ಯಾರಿಗೂ ಗೊತ್ತಿರುವುದಿಲ್ಲ.

ಆ ಹಳೇ ಪದ್ಧತಿಯಲ್ಲಿ ಕೆಟ್ಟದ್ದೂ ಇತ್ತು, ಅದನ್ನು ಮುಚ್ಚಿಡಬಾರದು. ಎಲ್ಲರಿಗೂ ಗಂಡು ಮರಿಯೇ ಬೇಕು. ಹೆಣ್ಣು ಬೇಡ, ಮತ್ತೆ ಮರಿ ಹಾಕುತ್ತದೆ ಅಂತ. ಉಳಿದ ಹೆಣ್ಣು ಮರಿಗಳನ್ನು ಗೋಣಿಚೀಲದಲ್ಲಿ ಹಾಕಿ ಹೊಳೆ ದಾಟಿಸಿ ಬಿಡುವುದು, ಸಂತೆಯಲ್ಲೋ ಮೀನು ಮಾರ್ಕೆಟಿನ ಹತ್ತಿರವೋ ಬಿಟ್ಟು ಬರುವುದು. ‘ಅಲ್ಲಾದರೆ ತಿನ್ನಲಿಕ್ಕೆ ಸಿಗುತ್ತೆ’ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುವುದು. ಇದು ಇವತ್ತಿಗೂ ನಿಂತಿಲ್ಲ, ಊರು ದೊಡ್ಡದಾದಷ್ಟೂ ಜಾಸ್ತಿಯಾಗಿದೆ. ಇನ್ನೂ ಒಂದು ವಿಷಯ, ಚಿಕ್ಕ ಮರಿಯಲ್ಲಿ ಗಂಡು ಯಾವುದು ಹೆಣ್ಣು ಯಾವುದು ಅಂತ ಹೇಳುವುದು ಸುಲಭವಲ್ಲ. ಗಂಡು ಅಂತ ಒಯ್ದದ್ದು ಆರು ತಿಂಗಳಿಗೆ ಹೊಟ್ಟೆ ಬಿಟ್ಟುಕೊಂಡು ನಿಂತರೆ ಅದಕ್ಕೂ ಗೋಣಿಚೀಲವೇ ಗತಿ. ಕಪ್ಪು, ಬಿಳಿ, ಕೆಂಚು ಮೂರೂ ಬಣ್ಣ ಒಟ್ಟಿಗೆ ಇರುವ ಮರಿ ಆದರೆ ಅದು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ, ಕೆಂಚು ಬಣ್ಣದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನ ಮೇಲೆ, ಅದು ಹೆಣ್ಣಿಗೆ ಎರಡು, ಗಂಡಿಗೆ ಸಾಮಾನ್ಯವಾಗಿ ಒಂದೇ. ಹಾಗಾಗಿ ಬೀದಿಗೆ ಬೀಳುವುದರಲ್ಲಿ ಆ ಚಂದದ ಮೂರು ಬಣ್ಣದವೂ ಇರುತ್ತವೆ.

ಇನ್ನು ತಾನಾಗಿ ಬರುವ ಬೆಕ್ಕು. ನನಗೆ ಹೆಚ್ಚು ಹೇಳಬೇಕಾಗಿರುವುದು ಇದರ ಬಗ್ಗೆಯೇ. ಮೊದಲ ದಿನ ಕಾಂಪೌಂಡಿನ ಮೇಲೆ ಕೂತು ನೋಡುತ್ತದೆ. ನಾವು ನೋಡಿದರೆ ಇಳಿದು ಹೋಗುತ್ತದೆ. ಆಮೇಲೆ ಮೀನಿನವನ ಹಾರ್ನ್ ಕೇಳಿದ ಕೂಡಲೇ ಗೇಟಿನ ಹತ್ತಿರ ಹಾಜರು. ಬಂಗುಡೆ ತೊಳೆದ ನೀರು, ತಲೆ, ಕಿವಿರು ಸಿಗುತ್ತದೆ ಅಂತ ಅದಕ್ಕೆ ಗೊತ್ತಾಗಿಬಿಡುತ್ತದೆ. ಒಂದು ವಾರ ಕಳೆದರೆ ಹಿತ್ತಿಲ ಮೆಟ್ಟಿಲು, ಮಳೆ ಬಂದ ದಿನ ಅಡುಗೆಮನೆ ಬಾಗಿಲು, ಅಲ್ಲಿಂದ ಮಂಚದ ಕಾಲ ಬುಡಕ್ಕೆ. ಮನೆಯವರು ಮಾತ್ರ ಯಾರು ಕೇಳಿದರೂ ಒಂದೇ ಮಾತು, ‘ಅದು ನಮ್ಮ ಬೆಕ್ಕಲ್ಲ, ಸುಮ್ನೆ ಬರುತ್ತೆ.’

ಬೆಕ್ಕು ಮನುಷ್ಯನ ಹತ್ತಿರ ಬಂದದ್ದೇ ಹೀಗೆ. ಪಶ್ಚಿಮ ಏಷ್ಯಾದಲ್ಲಿ ಜನ ಸುಮಾರು 10,000 ವರ್ಷಗಳ ಹಿಂದೆ ಧಾನ್ಯ ಬೆಳೆದು ಕೂಡಿಡಲು ಶುರು ಮಾಡಿದಾಗ ಇಲಿ ಬಂದವು, ಇಲಿಯ ಹಿಂದೆ ಅಲ್ಲಿನ ಕಾಡುಬೆಕ್ಕು ಬಂತು ಅನ್ನುತ್ತಾರೆ ವಿಜ್ಞಾನಿಗಳು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಒಂದು ಸಮಾಧಿ ಸಿಕ್ಕಿದೆ, ಅದರಲ್ಲಿ ಮನುಷ್ಯನ ಪಕ್ಕದಲ್ಲೇ ಒಂದು ಬೆಕ್ಕನ್ನೂ ಹೂತಿದ್ದಾರೆ. ದ್ವೀಪದಲ್ಲಿ ಮೊದಲು ಬೆಕ್ಕೇ ಇರಲಿಲ್ಲ, ಅಂದರೆ ಯಾರೋ ದೋಣಿಯಲ್ಲಿ ಜೊತೆಗೆ ಕರೆದುಕೊಂಡು ಹೋಗಿದ್ದರು. ಅಷ್ಟು ಹಿಂದೆಯೇ ‘ಇದು ನಮ್ಮದು’ ಅಂತ ಯಾರೋ ಒಪ್ಪಿಕೊಂಡಿದ್ದರು ಅಲ್ವಾ?

ನಮ್ಮದಲ್ಲ ಅಂತ ಹೇಳುವುದರಿಂದ ಏನಾಗುತ್ತದೆ ನೋಡಿ. ಬೀದಿಯ ಐದು ಮನೆಯವರು ಒಂದೇ ಹೆಣ್ಣು ಬೆಕ್ಕಿಗೆ ಅನ್ನ ಹಾಕುತ್ತಾರೆ. ಐದೂ ಮನೆಯಲ್ಲಿ ಅದಕ್ಕೆ ಐದು ಹೆಸರು. ಲಸಿಕೆ ಹಾಕಿಸುವವರು ಯಾರು? ಮರಿಯಾಗದಂತೆ ಆಪರೇಷನ್ ಮಾಡಿಸುವವರು ಯಾರು? ನಾಲ್ಕೈದು ತಿಂಗಳಿಗೇ ಹೆಣ್ಣು ಬೆಕ್ಕು ಗಬ್ಬ ಕಟ್ಟಬಹುದು. ಎರಡು ತಿಂಗಳಲ್ಲಿ ಮರಿ. ಮರಿಗಳು ಇನ್ನೂ ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗಬ್ಬ ಆಗಬಹುದು. ಒಂದು ಸೂಲಿಗೆ ನಾಲ್ಕು ಅಂತ ಇಟ್ಟುಕೊಂಡರೂ ವರ್ಷಕ್ಕೆ ಎಷ್ಟಾಯಿತು ಲೆಕ್ಕ ಹಾಕಿ. ಅದರಲ್ಲಿ ಅರ್ಧಕ್ಕರ್ಧ ನಾಯಿಗೆ, ವಾಹನಕ್ಕೆ, ಕಾಯಿಲೆಗೆ ಹೋಗುತ್ತವೆ. ಅದನ್ನು ನೋಡಿ ಅಯ್ಯೋ ಪಾಪ ಅನ್ನುವವರೂ ಅದೇ ಐದು ಮನೆಯವರು. ಅನ್ನ ಹಾಕುವುದು ತಪ್ಪು ಅಂತ ನಾನು ಖಂಡಿತ ಹೇಳುವುದಿಲ್ಲ. ಹಸಿದ ಪ್ರಾಣಿಗೆ ಹಾಕಲೇಬೇಕು. ಆದರೆ ದಿನಾ ಹಾಕುತ್ತಿದ್ದೀರಿ ಅಂದರೆ ಅದು ನಿಮ್ಮದಾಯಿತು. ಐದು ಮನೆಯವರು ತಲೆಗಿಷ್ಟು ಅಂತ ಸೇರಿಸಿದರೆ ಒಂದು ಆಪರೇಷನ್ ಯಾರಿಗೂ ಭಾರ ಅಲ್ಲ.

ಅನ್ನ ಅಂದೆನಲ್ಲ, ಅದರ ಬಗ್ಗೆಯೂ ಒಂದು ಮಾತು. ಹಾಲನ್ನ, ಮೊಸರನ್ನ ತಿಂದುಕೊಂಡೇ ನಮ್ಮ ಕಡೆ ಬೆಕ್ಕುಗಳು ಬದುಕಿದವು ಅಂತ ಬಹಳ ಜನ ಹೇಳುತ್ತಾರೆ. ಬದುಕಿದ್ದು ಹಾಲನ್ನದಿಂದ ಅಲ್ಲ, ರಾತ್ರಿ ಹಿಡಿದ ಇಲಿಯಿಂದ. ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ. ಟಾರಿನ್ ಅನ್ನುವ ಅಂಶ ಅದಕ್ಕೆ ಮಾಂಸ, ಮೀನಿನಿಂದಲೇ ಸಿಗಬೇಕು. ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಕಿಟಕಿಗೆ ಜಾಲರಿ ಹಾಕಿ ಸಾಕುವ ಬೆಕ್ಕಿಗೆ ಇಲಿ ಎಲ್ಲಿಂದ ಬರಬೇಕು? ಸಸ್ಯಾಹಾರಿಗಳ ಮನೆಯಲ್ಲಿ ಬೆಕ್ಕು ಸಾಕಬಾರದು ಅಂತಲ್ಲ. ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರದಲ್ಲಿ ಟಾರಿನ್ ಸೇರಿಸಿರುತ್ತಾರೆ, ಅದನ್ನಾದರೂ ತನ್ನಿ.

ಹೆರಲು ಜಾಗ ಹುಡುಕಿಕೊಂಡು ಬರುವ ಬೆಕ್ಕಿನದು ಇನ್ನೊಂದು ಬಗೆ. ಅಟ್ಟ, ಹಳೇ ಬಟ್ಟೆಯ ಪೆಟ್ಟಿಗೆ, ಸ್ಟೋರ್ ರೂಮಿನ ರಟ್ಟಿನ ಡಬ್ಬ, ಕತ್ತಲಿರುವ ಜಾಗ ಯಾವುದಾದರೂ ಸರಿ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅನ್ನುವ ಮಾತಿದೆಯಲ್ಲ. ಏಳೇ ಅಂತ ಲೆಕ್ಕವೇನೂ ಇಲ್ಲ, ಆದರೆ ಜಾಗ ಬದಲಿಸುವುದು ನಿಜ. ಮನುಷ್ಯರು ಪದೇಪದೇ ಬಗ್ಗಿ ನೋಡಿದರೆ, ಗಂಡು ಬೆಕ್ಕು ಸುತ್ತಾಡಿದರೆ, ವಾಸನೆ ಜಾಸ್ತಿಯಾದರೆ ಕತ್ತು ಕಚ್ಚಿಕೊಂಡು ಒಂದೊಂದನ್ನೇ ಸಾಗಿಸುತ್ತದೆ. ಮಕ್ಕಳಿಗೆ ಆಸೆ ತಡೆಯುವುದಿಲ್ಲ, ಅದು ನಿಜ. ಆದರೆ ಮರಿಗಳು ಹುಟ್ಟಿದ ಮೊದಲ ಒಂದೆರಡು ವಾರ ದೂರ ಇದ್ದರೆ ಒಳ್ಳೆಯದು. ಕಣ್ಣು ಬಿಟ್ಟ ಮೇಲೆ, ಎರಡರಿಂದ ಏಳು ವಾರದ ಒಳಗೆ, ನಿಧಾನವಾಗಿ ಎತ್ತಿ ಆಡಿಸಿದ ಮರಿಗಳು ಜನ್ಮಕ್ಕೆಲ್ಲ ಮನುಷ್ಯರಿಗೆ ಒಗ್ಗಿಕೊಳ್ಳುತ್ತವೆ. ಆ ಸಮಯ ತಪ್ಪಿಹೋದ ಮರಿ ಆಮೇಲೆ ಮನುಷ್ಯರನ್ನು ಕಂಡರೆ ಬುಸ್ಸೆನ್ನುತ್ತದೆ, ಯಾರೂ ಒಯ್ಯುವುದಿಲ್ಲ. ಅಟ್ಟದಲ್ಲಿ ಮರಿ ಹಾಕಿದೆ ಅಂದರೆ ಓಡಿಸಬೇಡಿ. ಎಂಟು ವಾರ ಜಾಗ ಕೊಡಿ, ಮರಿಗಳಿಗೆ ಮನೆ ಹುಡುಕಿ, ತಾಯಿಗೆ ಆಪರೇಷನ್ ಮಾಡಿಸಿ. ಅಲ್ಲಿಗೆ ಆ ಬೀದಿಯಲ್ಲಿ ಆ ಕತೆ ನಿಲ್ಲುತ್ತದೆ.

ಮಳೆಗಾಲದಲ್ಲಿ ಮರಿ ಎತ್ತಿಕೊಂಡು ಬರುವವರು ಜಾಸ್ತಿ. ಜೂನ್, ಜುಲೈನಲ್ಲಿ ನಮ್ಮ ಶಿವಮೊಗ್ಗದಲ್ಲಿ ಸಂಜೆ ಹೊತ್ತು ರಸ್ತೆ ಬದಿಯಿಂದ ಕೀಚಲು ದನಿ ಕೇಳಿದರೆ ನೂರಕ್ಕೆ ತೊಂಬತ್ತು ಪಾಲು ಅದು ಬೆಕ್ಕಿನ ಮರಿಯೇ. ಕಾರಿನ ಬಾನೆಟ್ಟಿನೊಳಗೆ, ಸ್ಕೂಟರ್ ಸೀಟಿನ ಕೆಳಗೆ, ಎಂಜಿನ್ ಬಿಸಿಗೆ ಹೋಗಿ ಸೇರಿಕೊಂಡಿರುತ್ತವೆ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಬಾನೆಟ್ಟಿಗೆ ಎರಡು ಸಲ ತಟ್ಟಿ, ಅಷ್ಟರಿಂದ ಒಂದು ಜೀವ ಉಳಿಯುತ್ತದೆ. ಎತ್ತಿಕೊಂಡು ಬರುವ ಹುಡುಗ ಹುಡುಗಿಯರ ಮನಸ್ಸು ದೊಡ್ಡದು, ಅವರನ್ನು ಯಾರೂ ಗದರಬೇಡಿ. ಅವರಿಗೆ ಕೆಲವು ವಿಷಯ ತಿಳಿಸಿಕೊಡಬೇಕು ಅಷ್ಟೇ.

ಮೊದಲನೆಯದು, ಮರಿ ಒಂಟಿಯಾಗಿ ಕಂಡ ಮಾತ್ರಕ್ಕೆ ಅದು ಅನಾಥ ಅಲ್ಲ. ತಾಯಿ ಊಟ ಹುಡುಕಲು ಹೋಗಿರಬಹುದು. ಜಾಗ ಅಪಾಯದ್ದಲ್ಲದಿದ್ದರೆ, ಮರಿ ಹೊಟ್ಟೆ ತುಂಬಿ ಬೆಚ್ಚಗೆ ಮಲಗಿದ್ದರೆ, ದೂರ ನಿಂತು ಕೆಲವು ಗಂಟೆ ಕಾಯಿರಿ. ಎಷ್ಟೋ ಮರಿಗಳನ್ನು ಕಾಪಾಡುತ್ತೇವೆ ಅಂದುಕೊಂಡು ತಾಯಿಯಿಂದ ಅಗಲಿಸಿ ತಂದಿರುತ್ತೇವೆ. ನಿಜವಾಗಿ ಅನಾಥ ಅಂತ ಖಚಿತವಾದರೆ ಮೊದಲು ಬೇಕಾಗಿರುವುದು ಹಾಲಲ್ಲ, ಬಿಸಿ. ತಣ್ಣಗಾದ ಮರಿಗೆ ಏನು ಕುಡಿಸಿದರೂ ಜೀರ್ಣವಾಗುವುದಿಲ್ಲ. ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಹಸುವಿನ ಹಾಲು ಬೇಡ, ಭೇದಿ ಶುರುವಾಗುತ್ತದೆ, ಅಷ್ಟು ಸಣ್ಣ ಮೈ ಒಂದು ದಿನದ ಭೇದಿಯನ್ನೂ ತಡೆಯುವುದಿಲ್ಲ. ಬೆಕ್ಕಿನ ಮರಿಗಳಿಗೆ ಅಂತಲೇ ಹಾಲಿನ ಪುಡಿ ಸಿಗುತ್ತದೆ, ಪಶುವೈದ್ಯರನ್ನು ಕೇಳಿ. ಕುಡಿಸುವಾಗ ಮಗುವಿನ ಹಾಗೆ ಅಂಗಾತ ಮಲಗಿಸಬೇಡಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗೆ ಮಾಡಿ, ತಲೆ ಸ್ವಲ್ಪ ಎತ್ತಿ ಕುಡಿಸಬೇಕು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತೇ ಇಲ್ಲ. ಕಣ್ಣು ಬಿಡದ ಮರಿ ತಾನಾಗಿ ಒಂದು, ಎರಡು ಮಾಡುವುದಿಲ್ಲ. ತಾಯಿ ನೆಕ್ಕಿದಾಗ ಮಾತ್ರ ಮಾಡುತ್ತದೆ. ತಾಯಿ ಇಲ್ಲದಿದ್ದರೆ ನಾವು ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಪ್ರತಿ ಸಲ ಹಾಲು ಕುಡಿಸಿದ ಮೇಲೆ ಮೆಲ್ಲಗೆ ಸವರಬೇಕು. ಹಾಲು ಕುಡಿಸಿಯೂ ಮರಿ ಸತ್ತಿತು ಅಂತ ಅಳುವ ಮಕ್ಕಳನ್ನು ನೋಡಿದ್ದೇನೆ. ಈ ಒಂದು ಮಾತು ಯಾರಾದರೂ ಹೇಳಿದ್ದರೆ ಆ ಮರಿ ಉಳಿಯುತ್ತಿತ್ತೇನೋ.

ಬೀದಿಯಿಂದ ಬಂದ ಮರಿ ಪರಚಿದರೆ ಉದಾಸೀನ ಬೇಡ. ರೇಬೀಸ್ ನಾಯಿಯಿಂದ ಮಾತ್ರ ಅಲ್ಲ, ಬೆಕ್ಕಿನಿಂದಲೂ ಬರಬಹುದು. ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಬೆಕ್ಕಿಗೂ ಮೂರು ತಿಂಗಳಾದ ಮೇಲೆ ರೇಬೀಸ್ ಲಸಿಕೆ ಹಾಕಿಸಿ. ಹಾಗೆಯೇ ಬೆಕ್ಕಿಗೆ ಜ್ವರ ಬಂದಿದೆ ಅಂತ ಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರೆ ಚೂರು ಮಾಡಿ ಹಾಕುವವರಿದ್ದಾರೆ. ದಯವಿಟ್ಟು ಹಾಕಬೇಡಿ. ಬೆಕ್ಕಿಗೆ ಅದು ವಿಷ, ಒಂದೇ ಮಾತ್ರೆ ಸಾಕು ಜೀವ ತೆಗೆಯಲು.

ಈಗ ಯಾರೂ ಮಾತಾಡದ ಒಂದು ದಾರಿಯ ಬಗ್ಗೆ ಹೇಳುತ್ತೇನೆ. ವಯಸ್ಸಾದವರು ತೀರಿಕೊಂಡ ಮೇಲೆ ಅವರ ಬೆಕ್ಕು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬರೇ ಅಜ್ಜಿ ಇದ್ದರು. ಮಕ್ಕಳೆಲ್ಲ ಬೆಂಗಳೂರಿನಲ್ಲಿ, ಹೊರದೇಶದಲ್ಲಿ. ಅವರಿಗೆ ಒಂದು ಬೂದು ಬಣ್ಣದ ಬೆಕ್ಕು, ಬಾಲದ ತುದಿ ಸ್ವಲ್ಪ ಮುರಿದದ್ದು. ಅಜ್ಜಿ ತೀರಿಕೊಂಡ ಮೇಲೆ ಹದಿಮೂರನೇ ದಿನದ ಊಟ ಮುಗಿಯಿತು. ಬಂದವರು ಹಿತ್ತಾಳೆ ಪಾತ್ರೆ, ಈಳಿಗೆಮಣೆ, ಬೀರು, ದೇವರ ಸಾಮಾನು ಎಲ್ಲ ಯಾರಿಗೆ ಏನು ಅಂತ ಮಾತಾಡಿ ಹಂಚಿಕೊಂಡರು. ಬೆಕ್ಕು ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿತ್ತು. ಅದರ ಮಾತು ಯಾರ ಬಾಯಲ್ಲೂ ಬರಲಿಲ್ಲ. ಅವರು ಕೆಟ್ಟ ಜನ ಅಲ್ಲ, ಅಮ್ಮನನ್ನು ಕಳೆದುಕೊಂಡ ದುಃಖದಲ್ಲಿದ್ದರು, ರೈಲಿಗೆ ಹೊತ್ತಾಗಿತ್ತು. ಬೀಗ ಹಾಕಿ ಹೋದರು. ಕಡೆಗೆ ಅದನ್ನು ಒಯ್ದವರು ಆ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು. ಬುಟ್ಟಿಯಲ್ಲಿ ಕೂರಿಸಿ ಅಜ್ಜಿಯದೇ ಹಳೇ ಸೀರೆ ಮುಚ್ಚಿಕೊಂಡು ಹೋದರು. ಎರಡೇ ದಿನಕ್ಕೆ ಬೆಕ್ಕು ವಾಪಸ್ ಬಂದು ಬೀಗ ಹಾಕಿದ ಬಾಗಿಲ ಮುಂದೆ ಕೂತಿತ್ತು. ಮತ್ತೆ ಒಯ್ದು ಈ ಸಲ ಒಂದು ಕೋಣೆಯಲ್ಲಿ ಎರಡು ಮೂರು ವಾರ ಹೊರಗೆ ಬಿಡದೆ ಇಟ್ಟುಕೊಂಡರು, ಆ ಸೀರೆಯನ್ನೇ ಹಾಸಿದರು, ಆಮೇಲೆ ಒಗ್ಗಿಕೊಂಡಿತು. ಬೆಳೆದ ಬೆಕ್ಕನ್ನು ಮನೆ ಬದಲಿಸಿದಾಗ ಮಾಡಬೇಕಾದದ್ದೂ ಅದೇ. ಯಾವ ಪುಸ್ತಕ ಓದದೆಯೂ ಅವರಿಗೆ ಅದು ಗೊತ್ತಿತ್ತು.

ಮನೆಯಲ್ಲಿ ಹಿರಿಯರು ಬೆಕ್ಕು ಸಾಕಿದ್ದರೆ ಅವರಿರುವಾಗಲೇ ಕೇಳಿ, ‘ಅಮ್ಮ, ನಿನಗೆ ಹುಷಾರಿಲ್ಲದಾಗ ಇದನ್ನು ಯಾರು ನೋಡಿಕೊಳ್ಳಬೇಕು’ ಅಂತ. ಅವರಿಗೂ ಆ ಚಿಂತೆ ಇದ್ದೇ ಇರುತ್ತದೆ, ಬಾಯಿ ಬಿಟ್ಟು ಹೇಳುವುದಿಲ್ಲ.

ಬಾಡಿಗೆ ಮನೆಯವರ ಕಷ್ಟ ಬೇರೆ. ಮನೆ ಮಾಲೀಕರು ಪ್ರಾಣಿ ಬೇಡ ಅನ್ನುತ್ತಾರೆ, ವರ್ಗಾವಣೆ ಬರುತ್ತದೆ, ಲಾರಿಯಲ್ಲಿ ಸಾಮಾನು ತುಂಬುವಾಗ ಬೆಕ್ಕು ಕೈಗೇ ಸಿಗುವುದಿಲ್ಲ. ‘ಅದಕ್ಕೆ ಈ ಮನೆಯೇ ಅಭ್ಯಾಸ, ಇಲ್ಲೇ ಇರುತ್ತೆ’ ಅಂತ ಬಿಟ್ಟು ಹೋಗುತ್ತಾರೆ. ಬೆಕ್ಕಿಗೆ ಮನೆ ಮುಖ್ಯ, ಜನ ಅಲ್ಲ ಅನ್ನುವುದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು. ತಿಂಗಳುಗಟ್ಟಲೆ ಅದೇ ಗೇಟಿನ ಹತ್ತಿರ ಕಾಯುವ ಬೆಕ್ಕುಗಳನ್ನು ಯಾವ ಬಡಾವಣೆಯಲ್ಲಾದರೂ ನೋಡಬಹುದು. 2020ರ ಲಾಕ್‌ಡೌನಿನಲ್ಲಿ ಮನೆಯಲ್ಲೇ ಕೂತು ಬೇಜಾರಿಗೆ ಮರಿ ತಂದವರಲ್ಲಿ ಕೆಲವರು ಆಫೀಸು ಶುರುವಾದ ಮೇಲೆ ಮಾಡಿದ್ದೂ ಇದನ್ನೇ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಸಾಕುಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟು ಹೋಗುವುದು ಅಪರಾಧ ಅಂತ 11ನೇ ಸೆಕ್ಷನ್ ಹೇಳುತ್ತದೆ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತೇ? 10 ರೂಪಾಯಿಯಿಂದ 50 ರೂಪಾಯಿ. 1960ರಲ್ಲಿ ಅದು ದುಡ್ಡೇ ಇರಬಹುದು, ಇವತ್ತು ಯಾರು ಹೆದರುತ್ತಾರೆ? ಈ ಮೊತ್ತ ಏರಿಸಲೇಬೇಕು. ಇದರ ಬಗ್ಗೆ ನಿಮ್ಮ ಪತ್ರಿಕೆ ಬರೆಯಬೇಕು.

ಅಂಗಡಿಯಿಂದ ತರುವವರಿಗೆ ನನ್ನ ಮಾತು ಕಡಿಮೆ. 2018ರ ಪೆಟ್ ಶಾಪ್ ನಿಯಮದ ಪ್ರಕಾರ ಅಂಗಡಿಯವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಆ ಪತ್ರ ತೋರಿಸಿ ಅಂತ ಕೇಳಿ. ತಾಯಿ ಎಲ್ಲಿದೆ ಅಂತ ಕೇಳಿ. ಚಪ್ಪಟೆ ಮುಖದ ಪರ್ಷಿಯನ್ ಬೆಕ್ಕಿಗೆ ಉಸಿರಾಟದ ತೊಂದರೆ, ಕಣ್ಣಲ್ಲಿ ನೀರು ಸೋರುವುದು ಹುಟ್ಟಿನಿಂದಲೇ ಇರುತ್ತದೆ, ಆ ರೋಮಕ್ಕೆ ದಿನಾ ಬಾಚುವ ಕೆಲಸ ಇದೆ, ಏಪ್ರಿಲ್ ಬಿಸಿಲಲ್ಲಿ ಅದಕ್ಕೆ ಹಿಂಸೆ. ಇಷ್ಟು ತಿಳಿದೂ ತರುವುದಾದರೆ ಚೆನ್ನಾಗಿ ನೋಡಿಕೊಳ್ಳಿ.

ದತ್ತು ತೆಗೆದುಕೊಳ್ಳುವ ಕೇಂದ್ರಗಳು ಬೆಂಗಳೂರಿನಲ್ಲಿ ಇವೆ. 1991ರಲ್ಲಿ ಶುರುವಾದ ಕ್ಯೂಪಾದಂಥ ಸಂಸ್ಥೆಗಳು ಈ ಕೆಲಸ ಮಾಡುತ್ತಿವೆ. ಅಮೆರಿಕದಲ್ಲಿರುವ ನಮ್ಮ ಸಂಬಂಧಿಕರು ಶೆಲ್ಟರಿನಿಂದ ಬೆಕ್ಕು ತಂದಾಗ ಅದಕ್ಕೆ ಆಪರೇಷನ್, ಲಸಿಕೆ, ಚರ್ಮದಡಿ ಹಾಕುವ ಗುರುತಿನ ಚಿಪ್ ಎಲ್ಲ ಮೊದಲೇ ಆಗಿತ್ತು, ಫಾರ್ಮು ತುಂಬಿಸಿಕೊಂಡು, ಮನೆಯಲ್ಲಿ ಯಾರ್ಯಾರಿದ್ದೀರಿ ಅಂತ ಕೇಳಿ ಕೊಟ್ಟರಂತೆ. ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ ಸಾಕುಬೆಕ್ಕುಗಳಿಗೆ ಮೈಕ್ರೋಚಿಪ್ ಕಡ್ಡಾಯವಾಗಿದೆ, ಅಂಗಡಿಯಿಂದ ಬಂದರೂ ಅಷ್ಟೇ, ಹಿತ್ತಿಲಿನಿಂದ ಬಂದರೂ ಅಷ್ಟೇ. ಚಿಪ್ ನಮಗೆ ಸದ್ಯ ದೂರದ ಮಾತು ಅಂತ ಬಿಡೋಣ, ಆದರೆ ಆ ಭೇದ ಇಲ್ಲದಿರುವುದು ನನಗೆ ಹಿಡಿಸಿತು. ನಮ್ಮಲ್ಲಿ ದತ್ತು ಕೇಳುವವರು ಕೂಡ ಎರಡು ತಿಂಗಳ ಮರಿಯೇ ಬೇಕು, ಬಿಳಿಯದೇ ಬೇಕು ಅನ್ನುತ್ತಾರೆ. ಕಪ್ಪು ಬೆಕ್ಕು ಅಡ್ಡ ಬಂದರೆ ಅಪಶಕುನ ಅಂತ ಅದನ್ನು ಮುಟ್ಟುವುದೂ ಇಲ್ಲ. ಬೆಳೆದ ಬೆಕ್ಕನ್ನು, ಕಪ್ಪು ಬೆಕ್ಕನ್ನು, ಒಂದು ಕಣ್ಣಿನದನ್ನು, ಕುಂಟುವುದನ್ನು ಕರೆದುಕೊಂಡು ಹೋಗುವವರಿಗೆ ನಾನು ಕೈ ಮುಗಿಯುತ್ತೇನೆ. ಬೆಳೆದ ಬೆಕ್ಕಿನ ಸ್ವಭಾವ ಮೊದಲೇ ಗೊತ್ತಿರುತ್ತದೆ, ಮಣ್ಣಿನ ಟ್ರೇ ಬಳಸುವುದನ್ನು ಕಲಿತಿರುತ್ತದೆ, ಹಗಲು ಕೆಲಸಕ್ಕೆ ಹೋಗುವವರಿಗೆ ಮರಿಗಿಂತ ಅದೇ ಅನುಕೂಲ.

ಆಪರೇಷನ್ ವಿಷಯಕ್ಕೆ ಬರುತ್ತೇನೆ. ‘ಒಂದು ಸಲವಾದರೂ ಮರಿ ಹಾಕಲಿ, ಪಾಪ ಅದಕ್ಕೂ ತಾಯ್ತನ ಬೇಡವಾ’ ಅನ್ನುವವರು ಎಲ್ಲ ಕಡೆ ಸಿಗುತ್ತಾರೆ. ಒಂದು ಸೂಲು ಆಗಲೇಬೇಕು ಅನ್ನುವುದಕ್ಕೆ ವೈದ್ಯಕೀಯವಾಗಿ ಯಾವ ಕಾರಣವೂ ಇಲ್ಲ. ಚಿಕ್ಕ ವಯಸ್ಸಿನಲ್ಲೇ, ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಸ್ತನದ ಗಡ್ಡೆ ಬರುವ ಸಾಧ್ಯತೆ ತುಂಬಾ ಕಡಿಮೆಯಾಗುತ್ತದೆ. ಗಂಡಿಗೂ ಮಾಡಿಸಬೇಕು. ಮಾಡಿಸಿದ ಗಂಡು ಊರೆಲ್ಲ ಸುತ್ತುವುದು, ಕಾದಾಡಿ ಕಿವಿ ಹರಿದುಕೊಂಡು ಬರುವುದು, ಬಾಗಿಲಿಗೆ, ಸೋಫಾಕ್ಕೆ ಮೂತ್ರ ಸಿಂಪಡಿಸುವುದು ಎಲ್ಲ ಕಡಿಮೆ. ಬೀದಿ ನಾಯಿಗಳ ಸಂತಾನಹರಣಕ್ಕೆ ನಗರಗಳಲ್ಲಿ ಎಬಿಸಿ ಅಂತ ಕಾರ್ಯಕ್ರಮ ನಡೆಯುತ್ತದೆ, ಅದರ ಟೆಂಡರ್, ಲೆಕ್ಕ ಎಲ್ಲ ಪತ್ರಿಕೆಯಲ್ಲಿ ಬರುತ್ತದೆ. ನಮ್ಮಂಥ ಊರಲ್ಲಿ ಬೆಕ್ಕಿನ ಬಗ್ಗೆ ಕೇಳಿದರೆ ಎದುರಿಗಿರುವವರು ಮುಖ ನೋಡುತ್ತಾರೆ. ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಕಲಿಯುವ ವಿದ್ಯಾರ್ಥಿಗಳಿದ್ದಾರೆ. ತಿಂಗಳಿಗೊಂದು ದಿನ ಬೆಕ್ಕಿನ ಆಪರೇಷನ್ ಶಿಬಿರ ಅಂತ ಇಟ್ಟು, ಕಡಿಮೆ ಖರ್ಚಿನಲ್ಲಿ ಮಾಡಿಕೊಡಲಿ. ಬೀದಿ ಬೆಕ್ಕಾದರೆ ಕಿವಿಯ ತುದಿ ಸ್ವಲ್ಪ ಕತ್ತರಿಸಿ ಗುರುತು ಮಾಡುತ್ತಾರೆ, ಅದನ್ನು ನೋಡಿದರೆ ಮತ್ತೆ ಹಿಡಿಯುವ ಕೆಲಸ ಇರುವುದಿಲ್ಲ. ತಾಲ್ಲೂಕು ಪಶು ಆಸ್ಪತ್ರೆಗಳಲ್ಲೂ ಹೀಗೇ ಆಗಬೇಕು. ದನ, ಎಮ್ಮೆ, ಕುರಿಗೆ ಮೊದಲ ಆದ್ಯತೆ ಇರಲಿ, ರೈತನ ಬದುಕು ಅದು. ವಾರದಲ್ಲಿ ಒಂದು ಮಧ್ಯಾಹ್ನ ಬೆಕ್ಕಿಗೆ ಸಿಕ್ಕರೆ ಸಾಕು.

ಸಂಪಾದಕರೇ, ಪತ್ರಿಕೆಗೂ ನನ್ನದೊಂದು ಕೋರಿಕೆ ಇದೆ. ಭಾನುವಾರದ ವರ್ಗೀಕೃತ ಜಾಹೀರಾತುಗಳಲ್ಲಿ ಸೈಟು, ಕಾರು, ವಧು-ವರರಿಗೆ ಜಾಗ ಇದೆ. ಅದರ ಪಕ್ಕದಲ್ಲಿ ನಾಲ್ಕು ಬೆರಳಗಲ ಜಾಗವನ್ನು ಮನೆ ಬೇಕಿರುವ ಬೆಕ್ಕು, ನಾಯಿಗಳಿಗೆ ಉಚಿತವಾಗಿ ಕೊಡಿ. ಮಾರಾಟಕ್ಕೆ ಅಲ್ಲ, ದತ್ತು ಕೊಡಲಿಕ್ಕೆ ಮಾತ್ರ. ಒಂದು ಷರತ್ತು ಇರಲಿ, ವಯಸ್ಸು, ಗಂಡೋ ಹೆಣ್ಣೋ, ಲಸಿಕೆ ಆಗಿದೆಯೋ ಇಲ್ಲವೋ, ಆಪರೇಷನ್ ಆಗಿದೆಯೋ ಇಲ್ಲವೋ, ಯಾಕೆ ಕೊಡುತ್ತಿದ್ದಾರೆ ಅನ್ನುವುದನ್ನು ಬರೆಯಲೇಬೇಕು. ಎಂಟು ವಾರ ತುಂಬದ ಮರಿಯ ಜಾಹೀರಾತು ತಗೊಳ್ಳಬೇಡಿ. ವಾಟ್ಸಾಪ್ ಇಲ್ಲದ ಹಿರಿಯರೂ ಪತ್ರಿಕೆ ನೋಡುತ್ತಾರೆ, ಹಳ್ಳಿಯ ಗ್ರಂಥಾಲಯದಲ್ಲೂ ನಿಮ್ಮ ಪತ್ರಿಕೆ ಇರುತ್ತದೆ. ಮೊದಲು ಶಿವಮೊಗ್ಗ ಆವೃತ್ತಿಯಲ್ಲಿ ಮೂರು ತಿಂಗಳು ಮಾಡಿ ನೋಡಿ. ಬಂದ ಜಾಹೀರಾತುಗಳನ್ನು ಓದಿ, ವಿಚಾರಿಸಿ, ಸರಿಪಡಿಸಿ ಕೊಡುವ ಕೆಲಸಕ್ಕೆ ನಾನೂ ನನ್ನ ಗೆಳತಿಯರೂ ಸಿದ್ಧ.

ಇಂತಿ,
ನಿಮ್ಮ ಪತ್ರಿಕೆಯ ಓದುಗಳು,
ಶಿವಮೊಗ್ಗ